ಪ್ಯಾರೇಜಾನ್ ಹೇಳಿದ ಹಲ್ಲಿಮನುಷ್ಯ

ಶಿಡ್ಲಘಟ್ಟದಲ್ಲಿ ಅವರು ಬಂದಿಳಿದದ್ದು ಒಂದು ಶುಕ್ರವಾರ ರಾತ್ರಿ,
ದಿಬ್ಬೂರಹಳ್ಳಿ ರಸ್ತೆಯ ಫಿಲೇಚರ್ ಹಿಂದಿನ ಶೆಡ್ಡಿಗೆ.
ತಲೆಗೆ ಎಂಟಾಣೆ, ಮಡಿಲ ಕೂಸಿಗೆ ಪುಕ್ಕಟೆ.
ಬಾಡಿಗೆ ಟಿವಿ, ಬಾಡಿಗೆ ವಿಸಿಆರ್,
ಚಿಂತಾಮಣಿ ಸುತ್ತಿ ಸವೆದು ಬಂದ ಕ್ಯಾಸೆಟ್ಟು;
ಆಕಾಶನೌಕೆಯ ಅರ್ಧ ಮೈ ಗೆರೆಗೆರೆಯಾಗಿ ನಡುಗುತ್ತಿತ್ತು.

ಭಾಷೆ ಇಂಗ್ಲಿಷು.
ಅದಕ್ಕೇ ಟಿವಿ ಪಕ್ಕ ಸ್ಟೂಲು ಹಾಕಿ
ಪ್ಯಾರೇಜಾನ್ ಸಾಬರನ್ನು ಕೂರಿಸಿದ್ದರು.
ಹಗಲು ನೂಲು ಬಿಚ್ಚಾಣಿಕೆ, ರಾತ್ರಿ ಅನ್ಯಗ್ರಹದ ದುಭಾಷಿ.
ಅವರಿಗೂ ಇಂಗ್ಲಿಷು ಬರುತ್ತಿರಲಿಲ್ಲ.
ಅದು ನಮಗೆ ಗೊತ್ತಿತ್ತು,
ನಮಗೆ ಗೊತ್ತಿರುವುದು ಅವರಿಗೂ.

ಹಸಿರು ದೊರೆ ಬಾಯಿ ತೆರೆದ. ಸೀಳು ನಾಲಗೆ.
"ಏನಂತಾನೆ ಅಂದ್ರೆ," ಬೀಡಿ ಆರಿಸಿ ಶುರುಮಾಡಿದರು,
"ಈ ಭೂಮಿ ಲಾಟು ಎಷ್ಟಕ್ಕೆ ಬಿಡ್ತೀರಾ ಅಂತಾನೆ.
ಗೂಡು ಸಣ್ಣ, ತೇವ ಜಾಸ್ತಿ,
ಕೆಜಿಗೆ ಎಪ್ಪತ್ತರ ಮೇಲೆ ಕಾಸಿಲ್ಲ ಅಂತಾನೆ."
ಬಿಳಿ ಕೋಟಿನ ವಿಜ್ಞಾನಿ ಕೈ ಮೇಲೆತ್ತಿದ.
"ಎಂಬತ್ತೈದು! ಅಂತಾನೆ ನಮ್ಮೋನು. ಬಿಡಬ್ಯಾಡ್ರೋ!"
ಶೆಡ್ಡಿಗೆ ಶೆಡ್ಡೇ ಕೂಗಿತು: ಎಂಬತ್ತೈದು!
ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಸೋತು ಬಂದವರೂ ಕೂಗಿದರು.

ಅಕ್ಕ ಮುನಿರತ್ನ ಮಾತ್ರ ಕೂಗಲಿಲ್ಲ.
ಹಿಂದಿನ ದಿನವಷ್ಟೇ ಅವಳ ಭುಜಕ್ಕೆ ಹಲ್ಲಿ ಬಿದ್ದಿತ್ತು,
ಪಂಚಾಂಗದ ಕೊನೆಯ ಪುಟ ಓದಿಸಿದ್ದರು.
ಎಡಭುಜವೋ ಬಲವೋ ಅವಳಿಗೇ ನೆನಪಿಲ್ಲದೆ
ಫಲ ಇತ್ಯರ್ಥವಾಗದೆ ಉಳಿದಿತ್ತು.

ಆಮೇಲೆ ಬಂತು ಆ ಜಾಗ.
ಪೊಲೀಸ್ ಕಮಿಷನರು, ಒಳ್ಳೆಯವನು ಅಂದುಕೊಂಡಿದ್ದವನು,
ಕನ್ನಡಿಯೆದುರು ನಿಂತು ಕಿವಿಯ ಹಿಂದೆ ಉಗುರು ಹಾಕಿ
ಮುಖವನ್ನೇ ಸುಲಿಯತೊಡಗಿದ.
ಕೆನ್ನೆ ಕಿತ್ತು ಬಂತು. ಒಳಗೆ ಹುರುಪೆ,
ಹುರುಪೆಯ ನಡುವೆ ಹಳದಿ ಕಣ್ಣು.
ಮುಂದಿನ ಸಾಲಲ್ಲಿ ಯಾರೋ ಚಡ್ಡಿ ಒದ್ದೆ ಮಾಡಿಕೊಂಡರು.
ನಾನಲ್ಲ.
ಅವನು ಏನೋ ಹೇಳಿದ, ಉದ್ದಕ್ಕೆ, ಸುಸ್ತಾದವನ ಹಾಗೆ.

ಪ್ಯಾರೇಜಾನ್ ಮಾತಾಡಲಿಲ್ಲ.
"ಏನಂತೆ ಸಾಬರೇ?"
"ಹೇಳ್ರೀ, ಕಾಸು ಕೊಟ್ಟಿದೀವಿ!"
ಟಿವಿಯ ನೀಲಿಯಲ್ಲಿ ಅವರು ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.
ಇಪ್ಪತ್ತು ವರ್ಷ ಕುದಿನೀರ ಬಾನಿಯಲ್ಲಿ ಎಳೆ ಹುಡುಕಿದ ಬೆರಳು.
ತುದಿಯಲ್ಲಿ ಗೆರೆಯಿಲ್ಲ,
ಬಿಳಿಚಿ ಪದರು ಪದರಾಗಿ ಎದ್ದ ತೊಗಲು.
ರೇಷನ್ ಅಂಗಡಿಯಲ್ಲಿ ಒತ್ತಿದರೆ
ಹೆಬ್ಬೆಟ್ಟು ಬರೀ ಮಸಿಯ ಚುಕ್ಕೆಯಾಗಿ ಬೀಳುತ್ತಿತ್ತಂತೆ.

"ಸೆಕೆ ಅಂತಾನೆ," ಅಂದರು ಕೊನೆಗೆ.
"ಒಳಗೆ ಬಲೇ ಸೆಕೆ ಅಂತಾನೆ, ಪಾಪ.
ಹಗಲೆಲ್ಲಾ ನಿಮ್ಮ ತೊಗಲು ಹಾಕ್ಕೊಂಡು ಇದ್ದು ಇದ್ದು
ಮನೆಗೆ ಬಂದಾಗ ಒಂದು ಗಳಿಗೆ ಬಿಚ್ಚಿಡ್ತೀನಿ,
ನೋಡಬ್ಯಾಡ್ರಪ್ಪಾ, ಅಂತಾನೆ."

ಯಾರೂ ನಗಲಿಲ್ಲ.
ಮುನಿರತ್ನ ಕಣ್ಣಿಗೆ ಅಡ್ಡ ಹಿಡಿದಿದ್ದ ಕೈ ತೆಗೆದಳು.
ಆಮೇಲೆ ಏನನ್ನಿಸಿತೋ,
ಮರ್ಯಾದೆಗೆ ಮತ್ತೆ ಮುಚ್ಚಿಕೊಂಡಳು.

ಮನೆಯಲ್ಲಿ ನಮ್ಮ ಹುಳು ನಾಲ್ಕನೇ ಜ್ವರದಲ್ಲಿದ್ದವು.
ಸೊಪ್ಪು ಮುಟ್ಟದೆ, ತಲೆ ಎತ್ತಿ, ತಟ್ಟೆ ತುಂಬಾ ಸುಮ್ಮನೆ.
ಜ್ವರದಲ್ಲಿದ್ದಾಗ ಅಲ್ಲಾಡಿಸಬಾರದು ಅಂತ
ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಡಿಸಿ ಬಾಯಿ ಮುಚ್ಚಿಸಿದಳು.
ಬುಡ್ಡಿಯ ಬೆಳಕಲ್ಲಿ ಬಗ್ಗಿ ನೋಡಿದೆವು.
ಒಂದು ಹುಳು ತನ್ನ ಹಳೆ ಚರ್ಮದಿಂದ ಮುಂದಕ್ಕೆ ತೆವಳುತ್ತಿತ್ತು,
ಮುಖದ ಚಿಪ್ಪು ಮೊದಲು ಉದುರಿತು.

ಮೊನ್ನೆ ಅದೇ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು,
ಗೆರೆಯಿಲ್ಲದೆ, ಅಡಿಬರಹದ ಸಮೇತ.
ಕತ್ತಿನ ಹತ್ತಿರ ರಬ್ಬರಿನ ಹೊಲಿಗೆ ಕಾಣುತ್ತದೆ.
ಆ ಜಾಗದಲ್ಲಿ ಅವನು ಹೇಳುವುದು ಇಷ್ಟೇ:
ಮನುಷ್ಯರು ದುರ್ಬಲರು. ಬೆಳಗಾಗುವಷ್ಟರಲ್ಲಿ ಎಲ್ಲ ನಮ್ಮದು.

ಹಿಂದಕ್ಕೆ ತಳ್ಳಿ ಎರಡು ಸಲ ನೋಡಿದೆ.
ಅಷ್ಟು ಹೊತ್ತು ಬಾಯಾಡಿಸಿ ಇಷ್ಟು ಚಿಕ್ಕ ಮಾತೇ?
ಇದನ್ನು ಬರೆದವರಿಗೆ
ಆ ಭಾಷೆ ಬರುವುದಿಲ್ಲ.